ಹೊಳೆಗೆ ಬಿಟ್ಟ ಕಾಗದ

ನಾನು ಒಮ್ಮೆ ಕೋರ್ಟಿನ ಆದೇಶವನ್ನು ಹೊಳೆಗೆ ಬಿಟ್ಟಿದ್ದೇನೆ. ಒಂಬತ್ತು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಮನೆಯವರಿಗೆಲ್ಲ ಗೊತ್ತಾಗಿದೆ, ಕೋರ್ಟಿನವರಿಗೂ ಗೊತ್ತಾಗಿದೆ, ಇನ್ನು ನಿಮ್ಮಿಂದ ಮುಚ್ಚಿಟ್ಟು ಏನು ಮಾಡಲಿ? ಅಲ್ಲದೆ ನನಗೀಗ ಆಗಿರುವ ಸಂತೋಷ ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ. ಸೊಪ್ಪು ಮಾರುವವಳನ್ನು ನಿಲ್ಲಿಸಿಕೊಂಡು ಎರಡು ಸಲ ಹೇಳಿದೆ. ಮೂರನೆಯ ದಿನದಿಂದ ಅವಳು ನಮ್ಮ ಓಣಿಗೇ ಬರುತ್ತಿಲ್ಲ. ಹಾಗಾಗಿ ಬರೆಯಲು ಕೂತೆ. ನಾನು ಓದಿದ್ದು ಲೋಕಿಕೆರೆ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಒತ್ತಕ್ಷರ ತಪ್ಪಿದ್ದರೆ ಮೊಮ್ಮಗಳು ಸಿಂಚನಾ ತಿದ್ದುತ್ತಾಳೆ. ತಿದ್ದುವಾಗ ನಗುತ್ತಾಳೆ, ಅದೂ ನನಗೆ ಬೇಕು.

ಸಿಂಚನಾಳ ತಾಯಿ ಗಿರಿಜಾ ನನ್ನ ಒಬ್ಬಳೇ ಮಗಳು. ಅವಳ ಮೊದಲ ಮದುವೆ ಎರಡು ವರ್ಷ ನಡೆಯಿತು. ತಪ್ಪು ಯಾರದೆಂದು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಎರಡೂ ಕಡೆಯವರು ವಕೀಲರ ಕೈಯಲ್ಲಿ ಬೇಕಾದಷ್ಟು ಬರೆಸಿಯಾಗಿದೆ. ಕೊನೆಗೆ ಬಿಡುಗಡೆಯಾಯಿತು, ಮಗು ತಾಯಿಯ ಹತ್ತಿರವೇ ಇರಲಿ ಎಂದೂ ಆಯಿತು. ಆ ಆದೇಶದ ಕಾಗದವನ್ನು ನಮ್ಮ ಕಡೆ ಸೋಡಚೀಟಿ ಎನ್ನುತ್ತಾರೆ. ನಾನು ಅದನ್ನು ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇಟ್ಟೆ. ಅದು ಕೆಳಗೇ ಇರಬೇಕಲ್ಲ? ಯುಗಾದಿಗೆ ಸೀರೆ ತೆಗೆದರೆ ಕೈಗೆ ಅದೇ ಬರುತ್ತಿತ್ತು, ದೀಪಾವಳಿಗೆ ತೆಗೆದರೂ ಅದೇ. ಹಬ್ಬದ ದಿನ ಮಗಳ ಮುಖ ನೋಡುವ ಮೊದಲು ಆ ಕಾಗದದ ಮುಖ ನೋಡಬೇಕಾಗುತ್ತಿತ್ತು.

ಒಂದು ಅಮಾವಾಸ್ಯೆಗೆ ಹರಿಹರದ ಹೊಳೆಗೆ ಸ್ನಾನಕ್ಕೆ ಹೋದವಳು, ಗಾಜು ಒಡೆದ ದೇವರ ಪಟದ ಜೊತೆಗೆ ಅದನ್ನೂ ನೀರಿಗೆ ಬಿಟ್ಟೆ. ಪಟ ಮುಳುಗಿತು. ಕಾಗದ ಮುಳುಗಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ತೆಗೆಯಲು ಮರೆತಿದ್ದೆ. ಅದು ಆರಾಮಾಗಿ ಸೇತುವೆಯ ಕಡೆ ತೇಲಿಕೊಂಡು ಹೊರಟಿತು. ಅದು ಕಣ್ಣಿಗೆ ಮರೆಯಾಗುವವರೆಗೂ ಕೈಮುಗಿದುಕೊಂಡೇ ನಿಂತಿದ್ದೆ. ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದವಳು ನನ್ನನ್ನು ನೋಡಿ ತಾನೂ ಕೈಮುಗಿದಳು.

ಆಮೇಲೆ ವರ್ಷಗಳು ಸುಮ್ಮನೆ ಹೋದವು. ನಮ್ಮ ಯಜಮಾನರದು ದಾವಣಗೆರೆಯ ಮಂಡಿಪೇಟೆಯಲ್ಲಿ ಹಿಂಡಿ-ಬೂಸಾ ಅಂಗಡಿ. ಗಿರಿಜಾ ಅಂಗನವಾಡಿ ಟೀಚರು, ಸಂಜೆ ಅಂಗಡಿಯಲ್ಲಿ ಕೂರುತ್ತಾಳೆ. ನಂದಿಗುಡಿಯ ಮಲ್ಲಿಕಾರ್ಜುನ ಎಂಬವರು ಸಂಜೆಯೇ ಬೂಸಾ ಒಯ್ಯಲು ಬರುತ್ತಿದ್ದರು. ಗದ್ದೆ ಮಾಡುತ್ತಾರೆ, ಹೆಂಡತಿ ತೀರಿಕೊಂಡು ನಾಲ್ಕು ವರ್ಷ, ಮಕ್ಕಳಿಲ್ಲ. ಒಂದು ದಿನ ಯಜಮಾನರು ತಡೆಯಲಾರದೆ ಕೇಳಿಯೇಬಿಟ್ಟರು: "ಅಲ್ರೀ, ಎರಡು ಎಮ್ಮೆಗೆ ಇಷ್ಟು ಬೂಸಾ ಯಾಕ? ಅವೇನು ಎಮ್ಮೆನಾ, ಆನೆನಾ?" ಆತ ತಲೆ ತಗ್ಗಿಸಿ ನಿಂತರಂತೆ. ಗಿರಿಜಾ ಒಳಗೆ ಚೀಲ ಎಣಿಸಲು ಎದ್ದು ಹೋದಳಂತೆ. ಆ ಹೊತ್ತಿಗೆ ಒಳಗೆ ಚೀಲವೇ ಇರಲಿಲ್ಲ ಎನ್ನುತ್ತಾರೆ ಯಜಮಾನರು.

ಮದುವೆಯ ಮಾತುಕತೆಗೆ ನಂದಿಗುಡಿಯವರು ಮನೆಗೆ ಬಂದರು. ಹನ್ನೆರಡು ವರ್ಷದ ಸಿಂಚನಾ ಬಂದವರ ಎದುರಿಗೇ ಕೇಳಿದಳು: "ನಾನು ಯಾವ ಕಡೆಯಾಕಿ? ಹೆಣ್ಣಿನ ಕಡೆನಾ, ಗಂಡಿನ ಕಡೆನಾ?" ಮಲ್ಲಿಕಾರ್ಜುನ, "ಎರಡೂ ಕಡೆ ಊಟಕ್ಕೆ ಕೂಡವ್ವ, ಯಾರು ಬ್ಯಾಡ ಅಂತಾರೆ ನೋಡೋಣು" ಎಂದರು. ಅಲ್ಲಿಗೆ ನನ್ನ ಒಪ್ಪಿಗೆ ಆಯಿತು.

ಆಗದೇ ಇದ್ದದ್ದು ಮಲ್ಲಿಕಾರ್ಜುನರ ಅಕ್ಕನ ಒಪ್ಪಿಗೆ. "ತಪ್ಪು ತಿಳೀಬ್ಯಾಡ್ರಿ. ಮೊದಲಿನ ಗಂಡನ್ನ ಬಿಟ್ಟಿದ್ದಕ್ಕೆ ಕೋರ್ಟಿನ ಕಾಗದ ತೋರಿಸ್ರಿ. ನೋಂದಣಿ ಆಫೀಸ್ನಾಗೂ ಕೇಳ್ತಾರೆ. ಕಾಗದ ಕಣ್ಣಾರೆ ನೋಡದೆ ನಾವು ಮುಂದಕ್ಕೆ ಹೋಗಾದಿಲ್ಲ." ಹೆಂಗಸು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಾನು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದೆ.

ಅವರು ಹೋದ ಮೇಲೆ ಯಜಮಾನರು ಟ್ರಂಕು ಬೋರಲು ಹಾಕಿದರು. ಅಟ್ಟ ಹುಡುಕಿದರು. ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದೆ. ಯಜಮಾನರು, "ಹೊಳಿಗೆ ಬಿಟ್ಟೀಯಾ? ಅದೇನು ಗಣಪ್ಪನಾ ಬಿಡಾಕೆ?" ಎಂದರು. ಗಿರಿಜಾ ಹೊರಗೆ ಹರಡಿದ್ದ ಸೀರೆಗಳನ್ನು ಒಂದೊಂದಾಗಿ ಮಡಚಿಟ್ಟಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಯಾರಿಗೂ ಕಾಯದೆ ನಾನೊಬ್ಬಳೇ ಹರಿಹರದ ಬಸ್ಸು ಹತ್ತಿದೆ. ಕೇಸು ಶುರುವಾದದ್ದು ಅಲ್ಲಿಯ ಕೋರ್ಟಿನಲ್ಲಿ, ಅದು ನೆನಪಿತ್ತು. ಮುಗಿದದ್ದೆಲ್ಲಿ ಎಂಬುದು ನೆನಪಿರಲಿಲ್ಲ. ಅಲ್ಲಿಯವರು ಕೂರಿಸಿ, ಹೆಸರು ಕೇಳಿ, ಹುಡುಕಿ ಹೇಳಿದರು: ಆ ಫೈಲು ಆಗಲೇ ದಾವಣಗೆರೆಯ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿದೆ, ಅಲ್ಲಿ ಕೇಳಿ. ಅಂದರೆ ನಾನು ಹುಡುಕಿಕೊಂಡು ಹೋದದ್ದು ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ದೂರದಲ್ಲೇ ಇತ್ತು. ಬರುವಾಗ ಬಸ್ಸು ಸೇತುವೆಯ ಮೇಲೆ ಬಂದಾಗ ಕೆಳಗೆ ಹೊಳೆಯನ್ನು ನೋಡಿದೆ. ಸುಳ್ಳು ಯಾಕೆ ಹೇಳಲಿ, ಕವರು ಎಲ್ಲಾದರೂ ಕಲ್ಲಿಗೆ ಸಿಕ್ಕಿಕೊಂಡಿದೆಯೇನೋ ಎಂದು ಬಗ್ಗಿಯೇ ನೋಡಿದೆ.

ದಾವಣಗೆರೆಯ ಕೋರ್ಟಿನಲ್ಲಿ ಮೊದಲ ದಿನ ಕಿಟಕಿಯೊಳಗಿನವರು ಕೇಳಿದ ಮೊದಲ ಪ್ರಶ್ನೆ: "ನೀವು ಪಾರ್ಟಿನಾ?"

"ನಾವು ಯಾವ ಪಾರ್ಟಿನೂ ಅಲ್ರಿ. ಓಟು ಹಾಕ್ತೀವಿ ಅಷ್ಟೆ."

ಹಿಂದೆ ಸಾಲಿನಲ್ಲಿದ್ದ ಕರಿಕೋಟಿನ ಹುಡುಗಿ ಕೆಮ್ಮಿದ ಹಾಗೆ ಮಾಡಿ ನಕ್ಕಳು. ಮಂಡಿಪೇಟೆಯಲ್ಲಾದರೆ ಪಾರ್ಟಿ ಎಂದರೆ ಸರಕು ಕೊಳ್ಳಲು ಬಂದ ಗಿರಾಕಿ. ಕೋರ್ಟಿನಲ್ಲಿ ಕೇಸು ಯಾರದೋ ಅವರೇ ಪಾರ್ಟಿ. ಹೆತ್ತ ತಾಯಿ ಪಾರ್ಟಿಯಲ್ಲ. ಮಗಳನ್ನೇ ಕರೆದುಕೊಂಡು ಬನ್ನಿ, ಅವಳ ಸಹಿ ಬೇಕು ಎಂದರು. ಹನ್ನೊಂದು ವರ್ಷ ಆ ಕೇಸನ್ನು ಎದೆಯ ಮೇಲೆ ಹೊತ್ತವಳು ನಾನು, ಲೆಕ್ಕಕ್ಕೇ ಇಲ್ಲವಲ್ಲ ಎಂದು ಮೊದಲು ಬೇಜಾರಾಯಿತು. ಮನೆಗೆ ಬರುವಷ್ಟರಲ್ಲಿ ಅನ್ನಿಸಿತು: ಪಾರ್ಟಿಯನ್ನು ಒಂದು ಮಾತೂ ಕೇಳದೆ ನಾನು ಹೊಳೆಗೆ ಬಿಟ್ಟದ್ದೂ ಸರಿಯಲ್ಲ.

ಎರಡನೆಯ ಸಲ ಗಿರಿಜಾ ರಜೆ ಹಾಕಿ ಬಂದಳು. ಅವತ್ತು ಅಲ್ಲಿದ್ದವರು ಕನ್ನಡಕ ತಲೆಯ ಮೇಲೇರಿಸಿಕೊಂಡಿದ್ದ ಒಬ್ಬ ಹೆಣ್ಣುಮಗಳು.

"ಕೇಸ್ ನಂಬರ್ ಐತೇನಮ್ಮ?"

"ಇಲ್ರಿ. ನಮ್ಮ ವಕೀಲರೂ ತೀರಿಕೊಂಡ್ರು."

ಕಂಪ್ಯೂಟರಿನಲ್ಲಿ ಹೆಸರು ಹಾಕಿದರೆ ಗಿರಿಜಾ ಎಂಬವರು ಒಂದು ಬಸ್ಸು ತುಂಬುವಷ್ಟು ಬಂದರು. "ಕೇಸು ಹಾಕಿದ್ದು ಯಾವ ವರ್ಷ?"

ಗಿರಿಜಾ ತಡವರಿಸಿದಳು. ಆ ದಿನಗಳನ್ನು ಅವಳು ನೆನಪಿಟ್ಟುಕೊಂಡಿಲ್ಲ, ಒಳ್ಳೆಯದೇ ಮಾಡಿದಳು. ನಾನು ಹೇಳಿದೆ: "ನಮ್ಮ ಮೊಮ್ಮಗಳು ಹೊಸಿಲು ದಾಟಿದ ವರ್ಷ್ರಿ. ಆಕಿಗೀಗ ಹನ್ನೆರಡು."

ಆ ವರ್ಷ ವಕೀಲರ ಮನೆಯಲ್ಲಿ ಕೇಸಿನ ಕಾಗದಕ್ಕೆ ಗಿರಿಜಾಳ ಸಹಿ ಹಾಕಿಸಿ ನಾವು ಮರಳಿದಾಗ, ಅಂಬೆಗಾಲಿಡುತ್ತಿದ್ದ ಕೂಸು ಹೊಸಿಲು ದಾಟಿ ಹೊರಗೆ ಬಂದು ಕೂತಿತ್ತು. ಹೊಸಿಲಿಗೆ ಪೂಜೆ ಮಾಡಿ ಓಣಿಗೆಲ್ಲ ಸಿಹಿ ಹಂಚಬೇಕಾದ ದಿನ. ಯಾರಿಗೂ ಒಲೆ ಹಚ್ಚುವ ಮನಸ್ಸಿರಲಿಲ್ಲ. ಹೊಸಿಲಿನ ಮೇಲೆ ಒಂದು ಚಿಟಿಕೆ ಸಕ್ಕರೆ ಇಟ್ಟು ಕೂಸಿನ ಬಾಯಿಗಿಷ್ಟು ಹಾಕಿದ್ದೆ.

ಆ ಹೆಣ್ಣುಮಗಳು ನಗಲಿಲ್ಲ. ಬೆರಳು ಮಡಚುತ್ತಾ, "ಈಗ ಹನ್ನೆರಡಾ? ಆಗ ವರ್ಷ ತುಂಬಿತ್ತಾ?" ಎಂದರು.

"ಎಂಟೇ ತಿಂಗಳು ರೀ. ನಮ್ಮ ಸಿಂಚನಾ ಎಲ್ಲದರಾಗೂ ಜಲ್ದಿ."

ಆ ವರ್ಷ ಒತ್ತಿದರು. ನಮ್ಮ ಗಿರಿಜಾ ಸಿಕ್ಕಳು.

ಇನ್ನು ಅರ್ಜಿ. ಅದರ ತಲೆಯ ಮೇಲೆ 'ನಕಲು ಅರ್ಜಿ' ಎಂದಿತ್ತು. ನಾನು ಅಕ್ಷರ ಕೂಡಿಸಿ ಓದಿ ಬೆವತೆ. ಮಂಡಿಪೇಟೆಯಲ್ಲಿ ನಕಲಿ ಎಂದರೆ ಮರದ ಹೊಟ್ಟು ಬೆರೆಸಿದ ಹಿಂಡಿ. "ಮೇಡಂನೋರೆ, ನಕಲು ಬ್ಯಾಡ್ರಿ, ಅಸಲು ಕೊಡ್ರಿ. ಅವರ ಅಕ್ಕ ಭಾಳ ಬಿಗಿ."

"ಅಸಲು ಯಾರಿಗೂ ಕೊಡಲ್ಲಮ್ಮ, ಅದು ಇಲ್ಲೇ ಇರತೈತೆ. ನಕಲಿಗೆ ಸೀಲು, ಸಹಿ ಹಾಕಿ ಕೊಡ್ತೀವಿ, ಅದೇ ಎಲ್ಲಾ ಕಡೆ ನಡೀತೈತೆ. ಮೊದಲು ಕೊಟ್ಟಿದ್ದೂ ನಕಲೇ. ಅದೇನಾತು?"

ಗಿರಿಜಾ ನನ್ನ ಕಡೆ ನೋಡಿದಳು. "ಹೊಳಿಗೆ ಬಿಟ್ಟೆ ರೀ" ಎಂದೆ.

ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ಸರಿಯಾಗಿ ನೋಡಿದರು. "ಹೋಗಲಿ ಬಿಡ್ರಿ. ನಮ್ಮದು ಎಲ್ಲೂ ತೇಲಿ ಹೋಗಿಲ್ಲ."

ಕಾರಣ ಎಂಬ ಜಾಗದಲ್ಲಿ ಗಿರಿಜಾ 'ಮದುವೆ' ಎಂದು ಬರೆದಳು. ಅವರು ಅದನ್ನು ಎರಡು ಸಲ ಓದಿ, ಸ್ಟಾಂಪು ಅಂಟಿಸುವ ಜಾಗ ತೋರಿಸುತ್ತಾ, "ಊಟಕ್ಕೆ ಕರೀರಿ ಮತ್ತೆ" ಎಂದರು.

ಆ ದಿನಗಳಲ್ಲಿ, ನಕಲು ತಯಾರಾಗುವವರೆಗೆ, ನಾನು ಇದನ್ನೇ ಯೋಚಿಸಿದೆ. ಒಂಬತ್ತು ವರ್ಷದಿಂದ ನಾನು ನಮ್ಮ ಮನೆಯ ದುಃಖವನ್ನು ನೀರಿಗೆ ಬಿಟ್ಟೆನೆಂದುಕೊಂಡಿದ್ದೆ, ಬಿಟ್ಟದ್ದು ಅದರ ನಕಲು. ಅಸಲು ದಾವಣಗೆರೆಯ ಒಂದು ಕಪಾಟಿನಲ್ಲಿ ಅಷ್ಟೂ ವರ್ಷ ತೆಪ್ಪಗೆ ಕೂತಿತ್ತು. ಇರಲಿ ಬಿಡು, ಇಂಥದನ್ನು ಕಾಯುವುದಕ್ಕೇ ಸರ್ಕಾರ ಸಂಬಳ ಕೊಟ್ಟು ಜನ ಇಟ್ಟಿದೆಯಲ್ಲ, ನನ್ನ ಟ್ರಂಕು ಯಾಕೆ ಬೇಕು ಎನ್ನಿಸಿತು.

ಕಾಗದ ಬಂತು. ಅವರ ಅಕ್ಕ ಮೊದಲಿನಿಂದ ಕೊನೆಯವರೆಗೆ ಓದಿ, ಮಡಚಿ, ಗಿರಿಜಾಳ ಕೈಗೆ ಕೊಟ್ಟು, "ಮದುವಿ ಬಳೆ ಯಾವತ್ತು ಇಡ್ಸಾಣ?" ಎಂದರು. ನಾನು ಓಡಿಹೋಗಿ ದೇವರ ಜಗಲಿಯಿಂದ ಅರಿಶಿಣದ ಬಟ್ಟಲು ತಂದೆ. ಶುಭಕಾರ್ಯದ ಕಾಗದದ ಮೂಲೆಗೆ ಹಚ್ಚಬೇಡವೇ? ಸಿಂಚನಾ ಕೈ ಹಿಡಿದು ನಿಲ್ಲಿಸಿದಳು. "ಅಜ್ಜೀ, ಸೀಲ್ ಮ್ಯಾಲೆ ಬ್ಯಾಡ! ಜೆರಾಕ್ಸಿಗೆ ಹಚ್ಚು." ಹಾಗೇ ಮಾಡಿದೆ. ನಮ್ಮ ಜಗಲಿಯ ಮೇಲೆ ಈಗ ನಕಲಿನ ನಕಲು ಅರಿಶಿಣ ಹಚ್ಚಿಸಿಕೊಂಡು ಕೂತಿದೆ. ಬಹುಶಃ ಸೋಡಚೀಟಿಗೆ ಪೂಜೆಯಾಗುವ ಮನೆ ನಮ್ಮದೊಂದೇ.

ಹೋದ ವಾರ ನೋಂದಣಿಯೂ ಆಯಿತು. ಕೈಗೆ ಬಂದ ಮದುವೆ ಸರ್ಟಿಫಿಕೇಟನ್ನು ತಿರುಗಿಸಿ ನೋಡಿ ನಾನು ಕೇಳಿದೆ, "ಇದು ಅಸಲಾ, ನಕಲಾ?" ಕೋರ್ಟು ಹತ್ತಿಳಿದ ಮೇಲೆ ನನಗೂ ಸ್ವಲ್ಪ ಕಾನೂನು ಬರುತ್ತದೆ. "ನೋಂದಣಿ ಪುಸ್ತಕ ನಮ್ಮಲ್ಲೇ ಇರತೈತೆ ಅಜ್ಜಿ, ಅಸಲು ಅದರಾಗೈತೆ" ಎಂದರು ಆಫೀಸಿನವರು.

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಮಲ್ಲಿಕಾರ್ಜುನ ಬೈಕು ಚಾಲೂ ಮಾಡುತ್ತಿದ್ದರು. ಹಿಂದೆ ಗಿರಿಜಾ, ಇಬ್ಬರ ನಡುವೆ ಒತ್ತಿಕೊಂಡು ಸಿಂಚನಾ, ಯಾವ ಕಡೆಯವಳೂ ಅಲ್ಲದ ಹಾಗೆ, ಎರಡೂ ಕಡೆಯವಳ ಹಾಗೆ. ಮೂರು ಜನ ಕೂರುವುದು ತಪ್ಪು ಎಂದು ಕೂಗಬೇಕೆಂದುಕೊಂಡೆ, ಕೂಗಲಿಲ್ಲ. ಅಸಲು ತಮ್ಮ ಹತ್ತಿರವೇ ಇದೆ ಎಂದು ಆಫೀಸಿನವರು ಹೇಳುತ್ತಲೇ ಇದ್ದರು. ಅದು ಬೈಕಿನ ಮೇಲೆ ಕೂತು ನಂದಿಗುಡಿ ರಸ್ತೆಗೆ ತಿರುಗಿ, ನನಗೆ ಕೈ ಬೀಸಿ, ಹೋಯಿತು.