ಮೇಣಗಾಗದ ಎತ್ತಿ ನೋಡಿದ ಭಾನುವಾರ

ಕಳೆದ ಭಾನುವಾರ ಜಂಗಮಕೋಟೆಯಲ್ಲಿ ನನ್ನ ಸ್ವಂತ ಅಕ್ಕ ನನ್ನನ್ನು ರೇಷ್ಮೆ ಹುಳದ ಮನೆಯಿಂದ ಹೊರಗೆ ಹಾಕಿದಳು. ಜೊತೆಗೆ ನಮ್ಮ ಹೈಸ್ಕೂಲಿನ ತಕ್ಕಡಿಯನ್ನೂ.

ತಪ್ಪು ನನ್ನದಲ್ಲ. ಒಂದು ಇಂಗ್ಲಿಷ್ ಮ್ಯಾಗಝೀನಿನದು.

ಅಮೆರಿಕದವರು ಆಕಾಶನೌಕೆಯಲ್ಲಿ ಹೊಸ ಬಗೆಯ ಬ್ಯಾಟರಿ ಇಟ್ಟಿದ್ದಾರಂತೆ. ಈ ಕಡೆ ಹೈಡ್ರೋಜನ್, ಆ ಕಡೆ ಆಕ್ಸಿಜನ್, ನಡುವೆ ತೆಳ್ಳನೆಯದೊಂದು ಪ್ಲಾಸ್ಟಿಕ್ ಹಾಳೆ. ಕರೆಂಟೂ ಹುಟ್ಟುತ್ತದೆ, ನೀರೂ ಹುಟ್ಟುತ್ತದೆ. ಆದರೆ ಹಾಳೆ ಒಣಗಿದರೆ ಕರೆಂಟ್ ಹೋಯಿತು. ನೀರು ಹೆಚ್ಚಾದರೆ ಉಸಿರು ಕಟ್ಟಿತು. ಅದರೊಳಗೆ ನೀರು ಎತ್ತ ಸರಿಯುತ್ತದೆ, ಎಷ್ಟು ಸರಿಯುತ್ತದೆ ಎಂದು ಅಳೆಯುತ್ತಾ ದೊಡ್ಡ ದೊಡ್ಡವರು ಕೂತಿದ್ದಾರಂತೆ. ಓದಿದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. (ನೌಕೆ ನನ್ನದಲ್ಲ, ನಿಜ. ಚಿಂತೆಗೆ ಸ್ವಂತದ್ದೇ ಬೇಕೆಂದು ಎಲ್ಲಿದೆ?)

ಆಗ ಅಕ್ಕನ ರೇಷ್ಮೆ ಮರಿಗಳು ನೆನಪಾದವು. ಮೊಟ್ಟೆಯೊಡೆದು ಮೂರು ದಿನ, ಇರುವೆಯಷ್ಟು ಗಾತ್ರ. ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು ಬಾಡದಿರಲೆಂದು ತಟ್ಟೆಯ ಅಂಚಿಗೆ ಒದ್ದೆ ಬಟ್ಟೆ ಇಟ್ಟು, ಮೇಲೆ ಮೇಣಗಾಗದ ಹೊದಿಸುತ್ತಾಳೆ. ಅಲ್ಲೂ ಅದೇ ಫಜೀತಿ. ಒಣಗಿದರೆ ಮರಿ ಸೊಪ್ಪು ಮುಟ್ಟದು. ಒದ್ದೆ ಹೆಚ್ಚಾದರೆ ರೋಗ.

ಮೇಣಗಾಗದ ಎಷ್ಟು ನೀರು ಬಿಡುತ್ತದೆ? ಅಳೆದೇಬಿಡೋಣ ಎಂದು ತಕ್ಕಡಿಯನ್ನು ಮಡಿಲಲ್ಲಿಟ್ಟುಕೊಂಡು ಶಿಡ್ಲಘಟ್ಟದಲ್ಲಿ ಬಸ್ ಹತ್ತಿದೆ. (ವಿಜ್ಞಾನದ ಮೇಷ್ಟ್ರಿಗಿರುವ ಏಕೈಕ ಅಧಿಕಾರವೆಂದರೆ ಲ್ಯಾಬಿನ ಬೀಗದ ಕೈ.)

"ಕಾಲು ತೊಳ್ಕೊಂಡು ಬಾಪ್ಪ," ಅಂದಳು ಅಕ್ಕ. "ಒಂದೇ ಒಂದು ತಟ್ಟೆ ಮುಟ್ಟು, ಅಷ್ಟೇ. ನಾಳೆ ಎಂಟೂ ತಟ್ಟೆ ಒಟ್ಟಿಗೆ ಜ್ವರಕ್ಕೆ ಕೂರ್ಬೇಕು."

ಈ ಜ್ವರ ಕಾಯಿಲೆಯಲ್ಲ. ಮರಿ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಒಂದು ತಟ್ಟೆ ಹಿಂದೆ ಬಿದ್ದರೆ ಗೂಡು ಕಟ್ಟುವವರೆಗೂ ಅದರ ಕಾಟ ತಪ್ಪದು. ಎಷ್ಟೋ ಮನೆಗಳಲ್ಲಿ ಅಂಥ ತಟ್ಟೆಯನ್ನು ತಿಪ್ಪೆಗೆ ಎಸೆದುಬಿಡುತ್ತಾರೆ.

ಹತ್ತು ನಿಮಿಷಕ್ಕೊಮ್ಮೆ ಕಾಗದ ಎತ್ತಿದೆ. ಒಂದಿಷ್ಟು ಎಲೆಚೂರು ತೂಗಿದೆ, ಬರೆದೆ, ವಾಪಸ್ ಇಟ್ಟೆ, ಮುಚ್ಚಿದೆ. ತೂಕ ಇಳಿಯುತ್ತಿತ್ತು. ಅಂದರೆ ಕಾಗದ ಸೋರುತ್ತಿದೆ! ಗಾಬರಿಯಾಗಿ ಐದು ನಿಮಿಷಕ್ಕೊಮ್ಮೆ ಎತ್ತತೊಡಗಿದೆ. ತೂಕ ಇನ್ನೂ ಬೇಗ ಇಳಿಯಿತು.

ಬಾವ ಬಾಗಿಲಲ್ಲಿ ಇಣುಕಿದರು. "ಏಮಯ್ಯಾ ಮೇಷ್ಟ್ರೇ, ರಾಕೆಟ್ಟು ಮೇಲಕ್ಕೆ ಎದ್ದೇಳ್ತಾ?"

ಮಧ್ಯಾಹ್ನದ ಮೇವಿಗೆ ಅಕ್ಕ ಬಂದಳು. ನನ್ನ ನೋಟ್‌ಬುಕ್ಕಿನ ಕಡೆ ತಿರುಗಿಯೂ ನೋಡಲಿಲ್ಲ. ಅಂಗೈ ಹಿಂಬದಿಯನ್ನು ನನ್ನ ತಟ್ಟೆಯ ಸೊಪ್ಪಿಗೆ ತಾಗಿಸಿದಳು. ಆಮೇಲೆ ಪಕ್ಕದ ತಟ್ಟೆಗೆ.

"ಅಯ್ಯೋ ನಿನ್ನ! ಇದೊಂದೇ ಬಾಡಿರೋದು ಕಣೋ."

"ಕಾಗದ ಸೋರ್ತಿದೆ ಅಕ್ಕಾ. ಬರ್ದಿಟ್ಟಿದೀನಿ, ನೋಡು."

"ಎಂಟಕ್ಕೂ ಒಂದೇ ಕಾಗದ ಕಣಪ್ಪ. ಸೋರ್ತಿರೋದು ನೀನು."

ಹೊಸ ಸೊಪ್ಪು ಉದುರಿಸಿದಳು, ಬಟ್ಟೆ ಒದ್ದೆ ಮಾಡಿದಳು, ಕಾಗದ ಮುಚ್ಚಿದಳು. ನನ್ನನ್ನು ಜಗಲಿಗೆ ಅಟ್ಟಿ ಅಗುಳಿ ಹಾಕಿದಳು. "ಮರಿ ತಿಂತಿದ್ಯಾ?" ಎಂದು ಬಾಗಿಲ ಸಂದಿಯಿಂದ ನಾಲ್ಕು ಸಲ ಕೇಳಿದೆ.

ಜಗಲಿಯಲ್ಲಿ ಕೂತಾಗ ಕೆಲವು ಸಂಗತಿ ಹೊಳೆದವು. ನಮ್ಮನೆಯಲ್ಲಿ ಮೊಸರು ಯಾಕೆ ಹೆಪ್ಪುಗಟ್ಟುವುದಿಲ್ಲ? ನಾನು ನೆಟ್ಟ ಮಲ್ಲಿಗೆ ಕಡ್ಡಿ ಯಾಕೆ ಬೇರು ಬಿಡಲಿಲ್ಲ? (ಬೇರು ಬಂತೇ ಎಂದು ದಿನಾ ಕಿತ್ತು ನೋಡಿದರೆ ಅದಾದರೂ ಏನು ಮಾಡೀತು?) ನಾವು ಇದನ್ನು ಕಾಳಜಿ ಎನ್ನುತ್ತೇವೆ. ಕಾಳಜಿ ಮಾಡಿಸಿಕೊಂಡವರು ಏನೆನ್ನುತ್ತಾರೋ ಕೇಳಿದವರುಂಟೇ?

ಬುಧವಾರ ಬಾವ ಶಿಡ್ಲಘಟ್ಟಕ್ಕೆ ಬಂದಿದ್ದರು. ಏಳು ತಟ್ಟೆ ಒಟ್ಟಿಗೆ ಜ್ವರಕ್ಕೆ ಕೂತವಂತೆ. ಎಂಟನೆಯದು ಅರ್ಧ ದಿನ ತಡ. ಅಕ್ಕ ಎಸೆಯಲಿಲ್ಲವಂತೆ, ಬೆಚ್ಚಗಿನ ಮೂಲೆಗೆ ಸರಿಸಿ "ಮೇಷ್ಟ್ರ ತಟ್ಟೆ" ಎಂದು ಹೆಸರಿಟ್ಟಿದ್ದಾಳಂತೆ.

ಈಗ ನನಗಿರುವ ಚಿಂತೆ ಒಂದೇ. ಆಕಾಶನೌಕೆಯ ಹಾಳೆ ಅಳೆಯಲು ಕೂತವರಿಗೆ ಅಂಥ ಅಕ್ಕ ಒಬ್ಬಳಾದರೂ ಇದ್ದಾಳೋ, ಇಲ್ಲವೋ?