ಓಗೊಡಬಾರದ ಮನೆ

ಅವಳ ಬಲಗೈ ಹೆಬ್ಬೆರಳಿನ ಉಗುರಿನಲ್ಲಿ ಒಂದು ಗೀರಿತ್ತು, ಬಾಳೆನಾರು ಸೀಳಿ ಸೀಳಿ ಆದದ್ದು. ಗೀರಿನೊಳಗಿನ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈ ಮಲ್ಲಿಗೆ ಕಟ್ಟಲು ಕೂತರೆ ಮೊಗ್ಗಿಗೆ ಮೊಗ್ಗು ಅಂಟಿದ ಹಾಗೆ ದಂಡೆ ಇಳಿಯುತ್ತಿತ್ತು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಹೆಣೆ, ಅಂದರೆ ಹೆಣ್ಣೇ, ಎನ್ನುತ್ತಿದ್ದಳು. ಬಸ್ರೂರಿನ ಬಸ್ಸಿನ ದಾರಿಯಿಂದ ನಮ್ಮ ಮನೆಗೆ ಇಳಿಯುವಾಗ ಮೊದಲು ಸಿಗುವುದು ಅವಳ ಹಂಚಿನ ಮನೆ.

ಊರಿನವರಿಗೆ ಅದು ದೆವ್ವದ ಮನೆ. ನಾನು ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಹೇಳಿದ್ದರು, "ಮಳಿಗಾಲ್ದಗೆ ಆ ಮನಿಯಿಂದ ಹ್ವಾಯ್ ಅಂದೇಳಿ ಯಾರೋ ಕರೀತ್ರ್. ಓಗೊಡ್ಬೇಡ ಮಾರಾಯ್ತಿ. ಓಗೊಟ್ರೆ ಮನಿ ಮಕ್ಳ್ ಉಳೂದಿಲ್ಲೆ." ಎಳೆಮಕ್ಕಳನ್ನು ಎತ್ತಿಕೊಂಡು ಅಲ್ಲಿ ದಾಟುವಾಗ ಮುಖಕ್ಕೆ ಬಟ್ಟೆ ಎಳೆಯುವುದು ನಮ್ಮ ಕಡೆ ಹೆಂಗಸರ ಕೈಗೇ ಬಂದುಬಿಟ್ಟ ರೂಢಿ.

ಹೂ ಕಟ್ಟುವುದನ್ನು ಕಲಿಯಬೇಕೆಂಬ ಆಸೆಗೆ ನಾನು ಅತ್ತೆಯ ಕಣ್ಣು ತಪ್ಪಿಸಿ ಅವಳ ಹಿತ್ತಿಲಿಗೆ ಹೋಗುತ್ತಿದ್ದೆ. ಆ ಮನೆಯ ಹೂವನ್ನು ಊರಲ್ಲಿ ಯಾರೂ ದೇವರಿಗೆ ಕೊಳ್ಳುವವರಲ್ಲ. ಅಕ್ಕ ಬೆಳಗಿನ ಬಸ್ಸಿನಲ್ಲಿ ಕುಂದಾಪುರದ ಅಂಗಡಿಗೆ ಕಳಿಸುತ್ತಿದ್ದಳು. ಊರಿನವರೇ ಕುಂದಾಪುರಕ್ಕೆ ಹೋಗಿ ಅದೇ ದಂಡೆ ತಂದು, ಪೇಟೆ ಹೂವೆಂದರೆ ಹೂವು ಎಂದು ಹೊಗಳುತ್ತಿದ್ದರು. ಅಕ್ಕನಿಗೆ ಹೇಳಿದರೆ ಹೊಟ್ಟೆ ಹಿಡಿದು ನಗುವಳು: "ದೆವ್ವ ಕುಂದಾಪ್ರದಗೇ ಇಳ್ದ್ ಹೋತ್ತ್ ಕಾಣ್. ವಾಪಸ್ ಬಪ್ಪುಕೆ ಅದ್ಕೆ ಬಸ್ಸಿನ್ ದುಡ್ಡಿಲ್ಲೆ!"

ಹಾಗೇ ನಗುತ್ತಾ ನಾರು ಸೀಳುತ್ತಾ ಕೂತಿದ್ದವಳು ಒಂದು ದಿನ ಹೇಳಿದಳು, "ಹ್ವಾಯ್ ಅಂದದ್ ನಾನೇ, ಹೆಣೆ."

ನಾನು ಮದುವೆಯಾಗಿ ಬರುವ ಮೊದಲಿನ ಮಾತು. ಎರಡು ಸಣ್ಣ ಮಕ್ಕಳು, ಇಬ್ಬರಿಗೂ ವಾಂತಿಭೇದಿ. ಗಂಡ ಮುಂಬೈಯ ಹೋಟೆಲಿನಲ್ಲಿ. ಮಳೆ ಬಿಡುವೇ ಇಲ್ಲ. ರಸ್ತೆಯವರೆಗೆ ಒಂದು ಮಗುವನ್ನು ಅವಳು ಎತ್ತಿಕೊಂಡರೆ ಇನ್ನೊಂದನ್ನು ಎತ್ತಿಕೊಳ್ಳಲು ಒಬ್ಬರು ಬೇಕಿತ್ತು. ಹಾಡುಹಗಲೇ ಗೇಟಿನ ಹತ್ತಿರ ನಿಂತು ಹ್ವಾಯ್, ಹ್ವಾಯ್ ಎಂದು ಕರೆದಳು. ರೋಗ ತಮ್ಮ ಮನೆಗೂ ಅಂಟೀತೆಂದು ಯಾರೂ ಬರಲಿಲ್ಲ. ಎರಡೂ ಮಕ್ಕಳು ಹೋದವು. ಗಂಡ ಮತ್ತೆ ಊರಿಗೆ ಬರಲೇ ಇಲ್ಲ.

"ಎಲ್ಲರಿಗೂ ಕೇಳಿತ್ತ್," ಎಂದಳು. "ಕೇಳಿಯೂ ಹೋಯ್ಲಿಲ್ಲೆ ಅಂಬುಕ್ ಆತ್ತಾ? ದೆವ್ವ ಕರೀತ್ ಅಂದ್ರ್."

ಅವಳ ಗೇಟಿಗೆ ಎಲ್ಲಕ್ಕಿಂತ ಹತ್ತಿರದ ಬಾಗಿಲು ನಮ್ಮದೇ. ಅತ್ತೆಗೆ ಅದು ಯಾರ ದನಿಯೆಂದು ಗೊತ್ತಿತ್ತು.

ಇಷ್ಟೆಲ್ಲ ತಿಳಿದವಳು ನಾನು. ಹೋದ ವರ್ಷ ನನಗೆ ಮೊಮ್ಮಗಳು ಹುಟ್ಟಿದಳು. ಆ ಕೆನ್ನೆ, ಆ ಮುಷ್ಟಿ, ಆಕಳಿಸುವಾಗಿನ ಆ ಬೊಚ್ಚುಬಾಯಿ! ಹೇಳುತ್ತಾ ಹೋದರೆ ನನಗೆ ಊಟವೂ ಬೇಡ. ಅಕ್ಕ ಬೇಲಿಯಾಚೆಯಿಂದ ಕೇಳಿದ್ದಳು, "ಒಂದ್ ಸಲ ಮಗಿನ ಮೊಕ ಕಾಂಬುಕ್ ಆತ್ತಾ?"

"ಎಂತಕ್ ಆತಿಲ್ಲೆ ಅಕ್ಕ? ನಾನೇ ತತ್ತೆ," ಎಂದಿದ್ದೆ.

ಮಗುವನ್ನು ಮನೆಗೆ ತರುವ ದಿನ ಅಕ್ಕ ಒಗೆದ ಸೀರೆ ಉಟ್ಟು ಗೇಟಿನಲ್ಲಿ ಕಾದು ನಿಂತಿದ್ದಳು. ರಿಕ್ಷಾ ಇಳಿದು ಮಗುವನ್ನು ಎತ್ತಿಕೊಂಡು ನಡೆದೆ. ಅವಳ ಎದುರಿಗೆ ಬಂದದ್ದೇ ತಡ, ನನ್ನ ಕೈ ತಾನಾಗಿ ಮಗುವಿನ ಮುಖಕ್ಕೆ ಬಟ್ಟೆ ಎಳೆಯಿತು.

ಅಕ್ಕ ನೋಡಿದಳು. "ಮುಚ್ಚ್ ಹೆಣೆ, ಮುಚ್ಚ್. ಬಿಸ್ಲ್ ಜೋರಿತ್ತ್," ಎಂದಳು.

ಆಕಾಶದ ತುಂಬ ಮೋಡ. ನಾನು ತಲೆ ಎತ್ತಲಿಲ್ಲ.

ವಾರ ಕಳೆದು, ನಾಚಿಕೆ ತಡೆಯಲಾಗದೆ, ಮಗುವನ್ನು ಎತ್ತಿಕೊಂಡು ಹೋಗಿ ಅವಳ ಜಗಲಿಯಲ್ಲಿ ಕೂತೆ. ಅಕ್ಕ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು ಬಂದು ಮಗುವನ್ನು ಮಡಿಲಿಗೆ ತೆಗೆದುಕೊಂಡಳು. ಮಗು ಆ ಗೀರುಬಿದ್ದ ಹೆಬ್ಬೆರಳನ್ನೇ ಹಿಡಿದುಕೊಂಡಿತು. "ಬಿಡುದಿಲ್ಲೆ ಕಾಣ್, ಎಂತಾ ಹಿಡ್ತ ಇದ್ರದ್ದ್!" ಎಂದು ಅವಳು ನಕ್ಕಳು. ಅಷ್ಟರಲ್ಲಿ ದಾರಿಯಲ್ಲಿ ಸ್ಕೂಟರಿನ ಸದ್ದು. ಅಕ್ಕ ತಟ್ಟನೆ ತನ್ನ ಸೆರಗನ್ನೇ ಮಗುವಿನ ಮೇಲೆ ಎಳೆದಳು.

"ಇಲ್ಲ್ ತಂದದ್ ಕಂಡ್ರೆ ಜನ ನಿಂಗ್ ಹೇಳ್ತ್ರ್."

ಹೇಳಿದರೆ ಹೇಳಲಿ ಅಕ್ಕ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ.

ಈ ಸಲದ ಮಳೆಗೆ ಮುಂಚೆ ಅಕ್ಕ ತೀರಿಕೊಂಡಳು. ಈಗ ಮೊಬೈಲ್ ಹಿಡಿದು ಆ ಮನೆಯ ವಿಡಿಯೋ ಮಾಡಲು ಬರುವವರಿದ್ದಾರೆ. ಮೊನ್ನೆ ಒಬ್ಬ ಕೇಳಿದ, "ಅಜ್ಜಿ, ಇಲ್ಲ್ ಯಾರೋ ಕರೀತ್ರಂಬ್ರಲೆ, ಹೌದಾ?"

"ಹೌದ್ ಮಗ, ಕರ್ದಿದ್ಲ್," ಎಂದೆ. "ನಾವ್ ಹೋಯ್ಲಿಲ್ಲೆ."

ಅವನು ಮೊಬೈಲ್ ಇಳಿಸಿದ.

ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ದಿನವೂ ಆ ದಾರಿಯಲ್ಲಿ ಹೋಗುತ್ತೇನೆ. ಗೇಟಿನ ಎದುರಿಗೆ ನಿಂತು, ಬಿಸಿಲಿದ್ದರೂ ಮಗುವಿನ ತಲೆಯ ಬಟ್ಟೆ ತೆಗೆಯುತ್ತೇನೆ. ಒಳಗೆ ಯಾರೂ ಕರೆಯುವುದಿಲ್ಲ. ಆದರೂ ದಾರಿಯವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ, "ಓ, ಬಂದೆ ಅಕ್ಕ."