ಹಿತ್ತಲ ತಿಪ್ಪೆಯೂ ಒಂದು ಸತ್ತ ಇಲಿಯೂ

ಐವತ್ತರ ದಶಕದ ಮೊದಲಲ್ಲಿ ನಾನು ಸೊಲ್ಲಾಪುರದ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಅವ್ವನೂ ನಾನೂ ಒಂದು ಹಳೆಯ ವಾಡೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದೆವು. ಓಣಿಯ ಮೂಲೆಗೋಡೆಯ ಮೇಲೆ ಮುನ್ಸಿಪಾಲ್ಟಿಯವರು ಮರಾಠಿಯಲ್ಲಿ ಕಾನೂನು ಬರೆಸಿದ್ದರು: ಮನೆಯ ಕಸವನ್ನು ಬೆಳಿಗ್ಗೆ ಗಾಡಿ ಬರುವ ಮೊದಲು ಕಚರಾಪೇಟಿಗೆ ಹಾಕತಕ್ಕದ್ದು, ಹಿತ್ತಲಲ್ಲಿ ಗುಡ್ಡೆ ಹಾಕಕೂಡದು, ಮುರಿದ ಹೊರಸು, ಹರಿದ ಗಾದಿ ಇದ್ದರೆ ಕಚೇರಿಗೆ ತಿಳಿಸತಕ್ಕದ್ದು, ಸತ್ತ ಇಲಿ ಕಂಡರೆ ಮುಟ್ಟದೆ ವರದಿ ಮಾಡತಕ್ಕದ್ದು. ಇದನ್ನು ನಾನು ಶಾಸನ ಓದುವ ಗಾಂಭೀರ್ಯದಿಂದ ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದೆ.

ಅವ್ವ ಹತ್ತಿರದ ಬೋರಾಮಣಿ ಹಳ್ಳಿಯ ಕುರಿ ಸಾಕುವ ಮನೆತನದವಳು. ಒಂದು ರಾತ್ರಿಯ ಹಿಕ್ಕೆಗಾಗಿ ರೈತರು ಜೋಳ ಕೊಟ್ಟು ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುವುದನ್ನು ನೋಡಿ ಬೆಳೆದವಳು.

"ಗೊಬ್ಬರ ಯಾರರೆ ಪುಕಟ ಕೊಡ್ತಾರೇನೋ?" ಎಂದಳು. "ಸರಕಾರಕ್ಕ ಹೊಲಾ ಐತೇನು?"

ಹೀಗೆ ಒಲೆಯ ಬೂದಿ, ಜೋಳದ ಹೊಟ್ಟು, ಬೀದಿಯಲ್ಲಿ ಆಯ್ದ ಸಗಣಿ ಎಲ್ಲ ಹಿತ್ತಲಲ್ಲಿ ತಿಪ್ಪೆಯಾಗಿ ಬೆಳೆಯಿತು. ಊರಿಂದ ಸೋದರಮಾವನ ಬಂಡಿ ಪೇಟೆಗೆ ಬಂದಾಗ ಅದು ಅವನ ಹೊಲಕ್ಕೆ ಹೋಗಬೇಕು. ಅಲ್ಲಿಯವರೆಗೆ ಅದು ಕಾಣದಂತೆ ಅವ್ವ ಒಂದು ಮುರುಕು ಹೊರಸನ್ನು ಅಡ್ಡ ನಿಲ್ಲಿಸಿದಳು. ಶಿಸ್ತು ಕಲಿಸುವ ಮಾಸ್ತರನ ಮನೆಯಲ್ಲಿ ನಾಲ್ಕು ಕಲಮುಗಳ ಪೈಕಿ ಮೂರು ಏಕಕಾಲಕ್ಕೆ ಉಲ್ಲಂಘನೆಯಾಗುತ್ತಿದ್ದವು. ವಾಡೆಯ ಮಾಲಕಿ, ಅಕ್ಕಲಕೋಟೆ ಕಡೆಯ ವಿಧವೆ, ಎಲ್ಲ ಬಲ್ಲಳು. ತನ್ನ ಬೂದಿಯನ್ನೂ ಅಲ್ಲಿಗೇ ಸುರಿಯುತ್ತಿದ್ದಳು.

ಉಳಿದದ್ದು ನಾಲ್ಕನೆಯ ಕಲಮು. ಒಂದು ಮುಂಜಾನೆ ಬುಟ್ಟಿ ಹಿಡಿದು ಹೋದ ಅವ್ವ ತಿಪ್ಪೆಯ ಮುಂದೆ ನಿಂತುಬಿಟ್ಟಳು. ಬೂದಿಯ ಮೇಲೆ ಒಂದು ಇಲಿ ಹೊಟ್ಟೆ ಮೇಲಾಗಿ ಬಿದ್ದಿತ್ತು.

"ಬೆಕ್ಕ ಹಿಡದದ್ದಲ್ಲೋ ತಮ್ಮಾ. ಗಾಯ ಇಲ್ಲ, ಏನಿಲ್ಲ."

ಅವಳು ಹುಡುಗಿಯಾಗಿದ್ದಾಗ ಹೀಗೆಯೇ ಮಾಳಿಗೆಯಿಂದ ಇಲಿಗಳು ಬಿದ್ದಿದ್ದವು, ಬೆನ್ನಿಗೇ ಪ್ಲೇಗು ಬಂದಿತ್ತು. ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿತ್ತು. ಅವಳ ಇಬ್ಬರು ಅಕ್ಕಂದಿರು ಅಲ್ಲಿಂದ ತಿರುಗಿ ಬರಲಿಲ್ಲ.

ವರದಿ ಮಾಡಿದರೆ ತಿಪ್ಪೆ ಬಯಲಾಗುತ್ತದೆ. ರೋಗವಿದ್ದರೆ ವಾಡೆಗೆ ಬೀಗ, ನಾವೆಲ್ಲ ಬೀದಿಗೆ. ಮಾಡದಿದ್ದರೆ... ಆ ವಾಕ್ಯವನ್ನು ನಮ್ಮಲ್ಲಿ ಯಾರೂ ಪೂರ್ತಿ ಮಾಡಲಿಲ್ಲ.

"ಅಗಬಾಯಿ! ಮಾಸ್ತರ, ಸುಮ್ನ ಕಚರಾಪೇಟ್ಯಾಗ ಒಗದ್ ಬರ್ರಿ," ಎಂದಳು ಮಾಲಕಿ. "ಮನಿಗೆ ಕುಲಪ ಹಾಕಿದ್ರ ಈ ವಯಸ್ಸಿನ್ಯಾಗ ನಾ ಎಲ್ಲಿ ಹೋಗ್ಲಿ?"

"ಒಗದ್ರ ಓಣಿಗೆಲ್ಲಾ ಹತ್ತತೈತ್ರಿ ಬಾಯಾರ," ಎಂದಳು ಅವ್ವ. ನನ್ನ ಕಡೆ ತಿರುಗಿ, "ನೀ ಹೋಗಿ ಹೇಳ್ ಬಾ. ತಿಪ್ಪಿ ಹಾಕಿದಾಕಿ ನಾ, ಬಾಯಾರದು ಏನೂ ಇಲ್ಲಂತ ಹೇಳು."

ಮುನ್ಸಿಪಾಲ್ಟಿ ಕಚೇರಿಗೆ ಹೋಗಿ ಹೇಳಿದೆ. ಆರೋಗ್ಯ ಇನ್‌ಸ್ಪೆಕ್ಟರರು ಇಕ್ಕಳ ಮತ್ತು ಮುಚ್ಚಳದ ಡಬ್ಬಿ ಹಿಡಿದು ಬಂದರು. ಇಲಿಯನ್ನು ನೋಡಿದರು, ಹೊರಸನ್ನು ನೋಡಿದರು, ಕೊನೆಗೆ ನನ್ನನ್ನು.

"ಮಾಸ್ತರ ಅದೀರಿ. ಗ್ವಾಡಿ ಮ್ಯಾಲಿಂದು ಓದಾಕ ಬರ್ತೈತಲ್ಲ?"

"ಓದಿ ಹೇಳೇನಿ, ಸಾಹೇಬ್ರ."

"ಯಾರಿಗೆ?"

ನಾನು ಅವ್ವನತ್ತ ನೋಡಿದೆ. ಅವರು ಇಲಿಯನ್ನು ಡಬ್ಬಿಗೆ ಹಾಕಿದರು. "ಇದು ತಪಾಸಣಿಗೆ ಹೋಗತೈತಿ. ರಿಪೋರ್ಟ್ ಬರೂತನಕ ಯಾರೂ ಎಲ್ಲೂ ಹೋಗಬ್ಯಾಡ್ರಿ. ರೋಗ ಇತ್ತಂದ್ರ ವಾಡೆ ಖಾಲಿ."

ಮೂರು ದಿನ ವಾಡೆಯಲ್ಲಿ ಯಾರು ಸೀನಿದರೂ ಎಲ್ಲರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಆಲಿಸುತ್ತಿದ್ದರು. ನನಗೆ ಹೊತ್ತಿಗೊಮ್ಮೆ ಜ್ವರ ಬಂದು ಹೋಗುತ್ತಿತ್ತು, ಅಥವಾ ಬಂದಂತೆ ಅನ್ನಿಸುತ್ತಿತ್ತು. ಮುಂಜಾನೆ ಎದ್ದೊಡನೆ ಅವ್ವ ನನ್ನ ಕೈ ಎತ್ತಿಸಿ ಕಂಕುಳು ಮುಟ್ಟಿ ನೋಡುವಳು. ಪ್ಲೇಗಿನ ಗಂಟು ಏಳುವುದು ಅಲ್ಲಿ. ಛಡಿ ಹಿಡಿದು ನಲವತ್ತು ಹುಡುಗರನ್ನು ನಡುಗಿಸುವ ನಾನು ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದೆ.

"ಕೈಗೆ ಏನರೆ ಹತ್ತತೇನ್ರಿ?" ಎಂದು ಮಾಲಕಿ ಬಾಗಿಲಾಚೆಯಿಂದ ಕೇಳುವಳು.

"ಇಲ್ರಿ."

"ನಿಂದು ನೋಡ್ಕೊಂಡ್ಯಾ ಅವ್ವಾ?" ಎಂದು ನಾನು ಕೇಳಿದರೆ, "ನಂದೇನ್ ಬಿಡು" ಎಂದು ಸೆರಗು ಬಿಗಿಯಾಗಿ ಹೊದ್ದುಕೊಳ್ಳುವಳು. ನನ್ನ ಕಂಕುಳಿಗಿಂತ ಆ ಸೆರಗಿಗೇ ನಾನು ಹೆಚ್ಚು ಹೆದರಿದ್ದೆ.

ನಾಲ್ಕನೆಯ ದಿನ ಇನ್‌ಸ್ಪೆಕ್ಟರರು ಹೊಸ್ತಿಲಲ್ಲೇ ನಿಂತು ತೀರ್ಪು ಕೊಟ್ಟರು: "ಇಲಿಗೆ ರೋಗ ಇರ್ಲಿಲ್ಲ. ತಿಪ್ಪಿ ಮಾತ್ರ ಇವತ್ತ ಎತ್ರಿ."

ಅವ್ವ ಬುಟ್ಟಿಯ ಮೇಲೆ ಬುಟ್ಟಿ ಹೊತ್ತು ಕಚರಾಪೇಟಿಗೆ ಸುರಿದಳು. ಆ ಜಾಗವನ್ನು ಮಾಲಕಿ ತಾನೇ ಸಾರಿಸಿದಳು.

ಮರುದಿನ ಮುಂಜಾನೆ ಹಾಸಿಗೆಯಿಂದ ಏಳುವಷ್ಟರಲ್ಲಿ ಅವ್ವ ಎದುರಿಗಿದ್ದಳು. "ಕೈ ಎತ್ತು."

"ರಿಪೋರ್ಟ್ ಬಂತಲ್ಲವ್ವಾ!"

"ಬಂದದ್ದು ಇಲೀದು," ಎಂದಳು. "ನಿಂದಿನ್ನೂ ಬಂದಿಲ್ಲ."

ನಾನು ಕೈ ಎತ್ತಿದೆ.